ಬಾನುಲಿಯ ಬಾಗಿಲಲ್ಲಿ ನಿಂತ ಪೇಟಿ

ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಕೇಳಬಹುದಾದ ಪ್ರಶ್ನೆಯೊಂದಿದೆ. ನಮ್ಮ ದೇಶದ ಬಾನುಲಿಯು ಮೂವತ್ತು ವರ್ಷಗಳಿಗೂ ಮೀರಿ ತನ್ನ ನಿಲಯದೊಳಗೆ ಬಾರದಂತೆ ತಡೆದು ನಿಲ್ಲಿಸಿದ ವಾದ್ಯ ಯಾವುದು? ಉತ್ತರ ಒಂದೇ ಪದ: ಹಾರ್ಮೋನಿಯಂ. ಪರೀಕ್ಷೆಗೆ ಕುಳಿತ ಹುಡುಗನು ಆ ಪದವನ್ನು ಬರೆದು, ಒಂದು ಅಂಕವನ್ನು ಗಳಿಸಿ, ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾನೆ. ಏಕೆ ತಡೆದರು, ಯಾರು ತಡೆದರು, ತಡೆದದ್ದರಿಂದ ನಷ್ಟವಾದದ್ದು ಯಾರಿಗೆ ಎಂದು ಕೇಳುವ ವ್ಯವಧಾನ ಅವನಿಗಿರುವುದಿಲ್ಲ. ನಮಗೆ ಇದೆ. ಆದುದರಿಂದ ಆ ಪ್ರಶ್ನೆಯ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ.

ಉತ್ತರ ಕರ್ನಾಟಕದಲ್ಲಿ ಈ ವಾದ್ಯಕ್ಕೆ ಹಾರ್ಮೋನಿಯಂ ಎನ್ನುವವರು ಕಡಿಮೆ. ಪೇಟಿ ಎಂದರೆ ಸಾಕು. ನೀವು ಯಾವುದೇ ಊರಿನವರಾಗಿರಿ, ಭಜನಾ ಮಂಡಳಿಯ ನಡುವೆ, ನಾಟಕದ ರಂಗದ ಮುಂದೆ, ವಿದ್ಯಾರ್ಥಿ ನಿಲಯದ ಸಂಜೆಯ ಪ್ರಾರ್ಥನೆಯಲ್ಲಿ ಈ ಮರದ ಪೆಟ್ಟಿಗೆಯನ್ನು ಕಂಡೇ ಇರುತ್ತೀರಿ. ಬಾಲ್ಯದಿಂದ ಕಂಡ ವಸ್ತುವಾದುದರಿಂದ ಇದು ನಮ್ಮಲ್ಲಿಯೇ ಹುಟ್ಟಿದ್ದೆಂದು ನಂಬುವವರೂ ಇದ್ದಾರೆ. ಆದರೆ ಇದು ಬಹು ದೂರದಿಂದ, ಬಹಳ ಸುತ್ತಿ ಬಂದ ಅತಿಥಿ.

ಪೇಟಿಯೊಳಗಿನ ಜೀವ ಎಂದರೆ ಹಿತ್ತಾಳೆಯ ತೆಳುವಾದ ನಾಲಿಗೆ. ಕುಶಲಕರ್ಮಿಗಳು ಅದನ್ನು ರೀಡು ಎನ್ನುತ್ತಾರೆ. ಒಂದು ಚಿಕ್ಕ ಸೀಳುಗಂಡಿಯ ಮೇಲೆ ಆ ನಾಲಿಗೆಯ ಒಂದು ತುದಿಯನ್ನು ಬಂಧಿಸಿ ಇನ್ನೊಂದು ತುದಿಯನ್ನು ಸಡಿಲ ಬಿಟ್ಟಿರುತ್ತಾರೆ. ಗಾಳಿ ನುಗ್ಗಿದಾಗ ಅದು ಕಂಪಿಸಿ ನುಡಿಯುತ್ತದೆ. ತುದಿಯಲ್ಲಿ ಸ್ವಲ್ಪ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಶ್ರುತಿ ಸರಿಪಡಿಸುವವನ ಕಸಬೆಲ್ಲ ಈ ಎರಡು ಕೆರೆತಗಳಲ್ಲಿದೆ. ಈ ಬಗೆಯ ನಾಲಿಗೆಯನ್ನು ಚೀನಾ ದೇಶದವರು ಷೆಂಗ್ ಎಂಬ ಬಿದಿರಿನ ವಾದ್ಯದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಬಳಸುತ್ತಿದ್ದರು. ಯುರೋಪಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕೋಪನ್‌ಹೇಗನ್ನಿನ ಪ್ರಾಧ್ಯಾಪಕ ಕ್ರಾಟ್ಸೆನ್‌ಸ್ಟೈನ್ ಎಂಬಾತನು ಮನುಷ್ಯರಂತೆ ಅ, ಇ, ಉ ಎಂದು ಸ್ವರಾಕ್ಷರಗಳನ್ನು ನುಡಿಯುವ ಯಂತ್ರವೊಂದನ್ನು ಮಾಡುವಾಗ ಇಂತಹ ನಾಲಿಗೆಗಳನ್ನು ಉಪಯೋಗಿಸಿದನು. ಮಾತನಾಡಲೆಂದು ಹುಟ್ಟಿದ ಯಂತ್ರದ ವಂಶದಲ್ಲಿ ಹಾಡುವ ಪೆಟ್ಟಿಗೆ ಜನಿಸಿತೆಂಬುದು ಸೋಜಿಗವಲ್ಲವೇ? ಮುಂದೆ ಹಲವರ ಕೈದಾಟಿ, 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಂ ಎಂಬ ವಾದ್ಯ ತಯಾರಕನು ತನ್ನ ವಾದ್ಯಕ್ಕೆ ಹಾರ್ಮೋನಿಯಂ ಎಂಬ ಹೆಸರಿಟ್ಟು ಹಕ್ಕುಪತ್ರ ಪಡೆದನು.

ದೆಬೆಂ ಮಾಡಿದ ವಾದ್ಯವನ್ನು ಈಗ ನಿಮ್ಮ ಮುಂದಿಟ್ಟರೆ ನೀವು ಅದನ್ನು ಪೇಟಿಯೆಂದು ಗುರುತಿಸಲಾರಿರಿ. ಅದು ಮೇಜಿನಷ್ಟು ಎತ್ತರದ್ದು. ಕುರ್ಚಿಯ ಮೇಲೆ ಕುಳಿತು, ಎರಡೂ ಪಾದಗಳಿಂದ ತಿದಿಯನ್ನು ಒತ್ತುತ್ತ, ಎರಡೂ ಕೈಗಳಿಂದ ನುಡಿಸತಕ್ಕದ್ದು. ದೊಡ್ಡ ಆರ್ಗನ್ನನ್ನು ಕೊಳ್ಳಲಾಗದ ಸಣ್ಣ ಇಗರ್ಜಿಗಳಿಗೆ ಅದು ಒದಗಿಬಂತು. ಪಾದ್ರಿಗಳ ಮೂಲಕ, ಆಂಗ್ಲ ಅಧಿಕಾರಿಗಳ ಮನೆಯ ಸಾಮಾನಿನ ಮೂಲಕ ಹತ್ತೊಂಬತ್ತನೆಯ ಶತಮಾನದ ನಡುವೆ ಅದು ಹಡಗನ್ನೇರಿ ನಮ್ಮ ದೇಶಕ್ಕೆ ಬಂತು.

ಇಲ್ಲಿ ನಡೆದ ಮಾರ್ಪಾಡನ್ನು ವಾಚಕರು ಗಮನವಿಟ್ಟು ನೋಡಬೇಕು. ಕಲಕತ್ತೆಯಲ್ಲಿ 1875ರಲ್ಲಿ ದ್ವಾರಕಿನ್ ಎಂಬ ವಾದ್ಯಗಳ ಅಂಗಡಿಯನ್ನು ತೆರೆದ ದ್ವಾರಕಾನಾಥ ಘೋಷರು ಈ ವಾದ್ಯದ ಕಾಲುಗಳನ್ನು ತೆಗೆದುಹಾಕಿ, ತಿದಿಯನ್ನು ಹಿಂಬದಿಗೆ ತಂದು, ಕೈಯಿಂದ ಒತ್ತುವಂತೆ ಮಾಡಿದರು. ಕೈ ಹಾರ್ಮೋನಿಯಮ್ಮಿನ ಜನಕರೆಂಬ ಕೀರ್ತಿ ಅವರದು. ಮೇಲ್ನೋಟಕ್ಕೆ ಇದು ಬಡಗಿಯ ಕೆಲಸದಂತೆ ತೋರುತ್ತದೆ. ಆದರೆ ಒಳಗೆ ಒಂದು ಸಂಗೀತದ ವಿಚಾರವೇ ಅಡಗಿದೆ. ಪಾಶ್ಚಾತ್ಯ ಸಂಗೀತದಲ್ಲಿ ಹಲವು ಸ್ವರಗಳು ಒಮ್ಮೆಗೇ ಮೇಳೈಸಿ ನುಡಿಯಬೇಕು, ಅದಕ್ಕೆ ಎರಡು ಕೈಗಳೂ ಬೇಕು. ನಮ್ಮ ಸಂಗೀತದಲ್ಲಿ ಒಂದು ಸ್ವರದ ಬೆನ್ನಿಗೆ ಇನ್ನೊಂದು ಸ್ವರ ಬರುತ್ತದೆ, ಅದಕ್ಕೆ ಒಂದು ಕೈ ಸಾಕು. ಉಳಿದ ಎಡಗೈ ತಿದಿಯನ್ನು ಒತ್ತಲಿ! ನಾವು ನೆಲದ ಮೇಲೆ ಕುಳಿತು ಹಾಡುವ ಜನ, ಪೆಟ್ಟಿಗೆಯೂ ನೆಲದ ಮೇಲೆ ಕುಳಿತುಕೊಳ್ಳಲಿ! ಹೀಗೆ ಅತಿಥಿಯು ನಮ್ಮ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತನು. ಅದರ ನಾಲಿಗೆಗಳ ಸಾಲುಗಳಿಗೆ ಖರಜ, ನರ, ಮಾದಿ ಎಂಬ ದೇಶೀಯ ಹೆಸರುಗಳೂ ಬಂದವು. ಮೊದಲು ಪ್ಯಾರಿಸ್ಸಿನಿಂದಲೂ ಜರ್ಮನಿಯಿಂದಲೂ ತರಿಸುತ್ತಿದ್ದ ನಾಲಿಗೆಗಳನ್ನು ಕಾಲಕ್ರಮದಲ್ಲಿ ಗುಜರಾತಿನ ಪಾಲಿತಾಣದ ಕುಶಲಕರ್ಮಿಗಳು ಮಾಡತೊಡಗಿದರು. ಜೈನರ ಶತ್ರುಂಜಯ ಬೆಟ್ಟದ ಬುಡದಲ್ಲಿರುವ ಪಾಲಿತಾಣವು ಯಾತ್ರಿಕರಿಗೆ ಬೆಟ್ಟದ ಮೇಲಿನ ದೇವಾಲಯಗಳಿಂದ ಪ್ರಸಿದ್ಧ. ಪೇಟಿ ಕಟ್ಟುವವರಿಗೆ ಹಿತ್ತಾಳೆಯ ನಾಲಿಗೆಗಳಿಂದ ಪ್ರಸಿದ್ಧ.

ಅನಂತರ ಅದು ಹರಡಿದ ವೇಗವನ್ನು ಏನೆಂದು ಹೇಳುವುದು! ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಮರಾಠಿಯಲ್ಲಿ ಶಾಕುಂತಲವನ್ನು ಆಡಿಸಿ ಸಂಗೀತ ನಾಟಕದ ಯುಗವನ್ನೇ ತೆರೆದರು. ಅದರ ಬಿಸಿ ಕನ್ನಡ ಕಂಪನಿಗಳಿಗೂ ತಟ್ಟಿತು. ಕಂಪನಿಯ ಎತ್ತಿನ ಗಾಡಿಯಲ್ಲಿ ಪರದೆಗಳ ಜೊತೆಗೆ ಪೇಟಿಯೂ ಊರೂರು ತಿರುಗಿತು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಸಾವಿರ ಜನರು ಕುಳಿತ ತಂಬುವಿನ ಕೊನೆಯ ಸಾಲಿಗೆ ಸ್ವರ ತಲಪಬೇಕು. ನಟನು ಒಳಗಿನಿಂದ ಹಾಡುತ್ತಲೇ ಪ್ರವೇಶಿಸುವಾಗ ಅವನಿಗೆ ಶ್ರುತಿ ತಪ್ಪಬಾರದು. ತಂಬೂರಿಯಿಂದ ಇದು ಆಗುವ ಮಾತಲ್ಲ. ರಂಗದ ಮುಂದೆ ಕುಳಿತ ಪೇಟಿ ಮಾಸ್ತರನೇ ನಾಟಕದ ಸಾರಥಿಯಾದನು. ಯಕ್ಷಗಾನದಲ್ಲಿ ಶ್ರುತಿಗಾಗಿ ಊದುತ್ತಿದ್ದ ಪುಂಗಿಯ ಸ್ಥಾನಕ್ಕೆ ಬಂದದ್ದೂ ಇದೇ ಪೆಟ್ಟಿಗೆ.

1902ರ ನವೆಂಬರದಲ್ಲಿ ಗ್ರಾಮಫೋನ್ ಕಂಪನಿಯವರು ಕಲಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡರು. ಆ ಕಾಲದ ತಟ್ಟೆಗಳಲ್ಲಿ ಗಾಯಕಿಯ ಬೆನ್ನಿಗೆ ಹಾರ್ಮೋನಿಯಂ ದನಿ ಸಾಮಾನ್ಯವಾಗಿ ಕೇಳಿಬರುತ್ತದೆ. ದೇಶವೆಲ್ಲ ಕೊಂಡಾಡಿದ ಆ ಗೌಹರ್ ಜಾನ್ ತನ್ನ ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳೆಂಬುದು ಅನೇಕ ಕನ್ನಡಿಗರಿಗೆ ತಿಳಿಯದು. ಇನ್ನು ಚಲನಚಿತ್ರದ ಮಾತು. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಹಾಡನ್ನು ಬೇರೆಯಾಗಿ ಮುದ್ರಿಸುವ ಸೌಕರ್ಯ ಆಗ ಇರಲಿಲ್ಲ; ನಟನು ಕ್ಯಾಮರಾದ ಮುಂದೆ ಹಾಡುತ್ತಿದ್ದಾಗ ವಾದ್ಯದವರು ಚಿತ್ರದಲ್ಲಿ ಕಾಣದಂತೆ ಮರೆಯಲ್ಲಿ ಕುಳಿತು ಹಾರ್ಮೋನಿಯಂ, ತಬಲಾ ನುಡಿಸುತ್ತಿದ್ದರು. ಮರುವರ್ಷ ಕೊಲ್ಹಾಪುರದ ಪ್ರಭಾತ್ ಸಂಸ್ಥೆಯ ‘ಅಯೋಧ್ಯೇಚಾ ರಾಜಾ’ ಚಿತ್ರದಲ್ಲಿ ಹರಿಶ್ಚಂದ್ರನ ಪಾತ್ರ ವಹಿಸಿ, ಸಂಗೀತವನ್ನೂ ಅಳವಡಿಸಿದ ಗೋವಿಂದರಾವ್ ಟೇಂಬೆಯವರು ಆ ಕಾಲದ ಅಗ್ರಗಣ್ಯ ಹಾರ್ಮೋನಿಯಂ ವಾದಕರು. ಮುಂದೆ ಹಿಂದಿ ಚಿತ್ರರಂಗದಲ್ಲಿ ಮೆರೆದ ನೌಷಾದರು ಲಖನೌದಲ್ಲಿ ಹುಡುಗರಾಗಿದ್ದಾಗ ಹಾರ್ಮೋನಿಯಂ ದುರಸ್ತಿ ಮಾಡುತ್ತ ಸ್ವರಜ್ಞಾನ ಪಡೆದವರು.

ಇಷ್ಟೆಲ್ಲ ಆದರಿಸಲ್ಪಟ್ಟ ವಾದ್ಯದ ಮೇಲೆ ದೋಷಾರೋಪಣೆ ಏನು? ಅದನ್ನು ನ್ಯಾಯವಾಗಿ ವಿಚಾರಿಸಬೇಕು. ಏಕೆಂದರೆ ಆರೋಪ ಸುಳ್ಳಲ್ಲ.

ಷಡ್ಜದ ಕಂಪನ ಸೆಕೆಂಡಿಗೆ 240 ಎಂದು ಇಟ್ಟುಕೊಳ್ಳಿ. ಚೆನ್ನಾಗಿ ಶ್ರುತಿಮಾಡಿದ ತಂಬೂರಿಯ ನಾದದೊಳಗಿನಿಂದ ತಾನಾಗಿ ಹೊಮ್ಮುವ ಗಾಂಧಾರದ ಲೆಕ್ಕದಲ್ಲಿ ಶುದ್ಧ ಗಾಂಧಾರದ ಕಂಪನ 300. ಹಾರ್ಮೋನಿಯಮ್ಮಿನಲ್ಲಿ ಅದು 302ಕ್ಕೂ ಮೇಲೆ. ಧೈವತ 400 ಇರಬೇಕಾದಲ್ಲಿ ಹಾರ್ಮೋನಿಯಮ್ಮಿನಲ್ಲಿ 403ನ್ನು ದಾಟಿರುತ್ತದೆ. ಪಂಚಮದಲ್ಲಿ ಮಾತ್ರ ವ್ಯತ್ಯಾಸ ಅತ್ಯಲ್ಪ. 360ಕ್ಕೆ ಅರ್ಧದಷ್ಟೂ ಕಡಿಮೆಯಾಗದು. ಎರಡು ಮೂರು ಕಂಪನಗಳ ಅಂತರ ಏನು ಮಹಾ ಎನ್ನಬೇಡಿ. ಸೂಕ್ಷ್ಮ ಕಿವಿಯ ಗಾಯಕನಿಗೆ ಅದು ಅನ್ನದಲ್ಲಿ ಸಿಕ್ಕಿದ ಹರಳಿನಂತೆ. ಯುರೋಪಿನವರಿಗೆ ಇದು ತಿಳಿಯದೆ ಆದದ್ದಲ್ಲ. ಒಂದೇ ವಾದ್ಯದಲ್ಲಿ ಯಾವ ಸ್ವರವನ್ನಾದರೂ ಆಧಾರವಾಗಿ ಹಿಡಿದು ನುಡಿಸಬೇಕೆಂಬ ಅವರ ಅಗತ್ಯಕ್ಕಾಗಿ, ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ, ಪ್ರತಿಯೊಂದು ಸ್ವರದಲ್ಲಿಯೂ ಚೂರುಚೂರು ಅಸತ್ಯವನ್ನು ಹಂಚಿಬಿಟ್ಟರು. ನಮಗೆ ಆ ಅಗತ್ಯವೇ ಇಲ್ಲ. ನಮ್ಮ ಗಾಯಕನು ಒಂದು ಷಡ್ಜವನ್ನು ಹಿಡಿದರೆ ಆ ರಾಗ ಮುಗಿಯುವವರೆಗೆ ಅದನ್ನು ಬಿಡುವುದಿಲ್ಲ. ಹೀಗಿರುವಾಗ ಪರರ ಅಗತ್ಯಕ್ಕಾಗಿ ಮಾಡಿದ ರಾಜಿಯನ್ನು ನಾವೇಕೆ ಹೊರಬೇಕು ಎಂಬುದು ವಿರೋಧಿಗಳ ಪ್ರಶ್ನೆ. ಈ ಪ್ರಶ್ನೆಗೆ ಪೇಟಿಯ ಅಭಿಮಾನಿಗಳು ಕೊಟ್ಟ ಉತ್ತರಗಳು ಬಹುಮಟ್ಟಿಗೆ ದುರ್ಬಲವಾದವು ಎಂದೇ ಹೇಳಬೇಕು.

ಇದಕ್ಕಿಂತ ದೊಡ್ಡ ಆರೋಪ ಇನ್ನೊಂದಿದೆ. ಪೇಟಿಯ ಸ್ವರ ಬಾಗುವುದಿಲ್ಲ. ದರ್ಬಾರಿ ಕಾನಡಾದ ಕೋಮಲ ಗಾಂಧಾರವು ನಿಂತಲ್ಲಿ ನಿಲ್ಲದೆ ತೂಗುವ ಸ್ವರ. ಆ ತೂಗಾಟವೇ ರಾಗದ ಪ್ರಾಣ. ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ಮೀಂಡ್ ಎಂಬುದು ಪಟ್ಟಿಗಳ ನಡುವಿನ ಸಂದಿಯಲ್ಲಿ ಬಿದ್ದು ಕಾಣೆಯಾಗುತ್ತದೆ. ಕರ್ನಾಟಕ ಸಂಗೀತದ ಗಮಕಗಳಿಗಂತೂ ಈ ಪೆಟ್ಟಿಗೆ ಸಲ್ಲದು. ಪರದೇಶದ್ದೆಂಬ ಕಾರಣಕ್ಕೆ ಇದನ್ನು ಹಳಿಯುವವರಿಗೆ ಪಿಟೀಲನ್ನು ನೆನಪಿಸಬೇಕು. ಅದೂ ಯುರೋಪಿನಿಂದಲೇ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಇಂದು ಪಿಟೀಲಿಲ್ಲದ ಕರ್ನಾಟಕ ಸಂಗೀತದ ಕಛೇರಿಯನ್ನು ಊಹಿಸುವುದೂ ಕಷ್ಟ. ಪಿಟೀಲಿಗೆ ಸಿಕ್ಕಿದ ಪೌರತ್ವ ಪೇಟಿಗೆ ಏಕೆ ಸಿಗಲಿಲ್ಲವೆಂದರೆ, ಪಿಟೀಲಿನ ತಂತಿ ಬೆರಳಿಗೆ ಮಣಿಯುತ್ತದೆ, ಹಿತ್ತಾಳೆಯ ನಾಲಿಗೆ ಮಣಿಯುವುದಿಲ್ಲ. ಹುಟ್ಟಿದ ಊರಿನ ಪ್ರಶ್ನೆ ಇಲ್ಲಿ ಬರಿಯ ನೆಪ.

ಈ ದೋಷವನ್ನು ತಿದ್ದಲು ಹೊರಟ ಒಂದು ಪ್ರಯತ್ನ ನಮ್ಮ ನೆರೆಯಲ್ಲಿಯೇ ನಡೆಯಿತು. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಎಂಬ ನಿವೃತ್ತ ಡೆಪ್ಯುಟಿ ಕಲೆಕ್ಟರರು ಇಪ್ಪತ್ತೆರಡು ಶ್ರುತಿಗಳ ಅಳತೆಯನ್ನು ಲೆಕ್ಕಹಾಕಿ, 1910ರಲ್ಲಿ ಆ ಕುರಿತು ಪುಸ್ತಕ ಬರೆದರು. ಸಂಗೀತಪ್ರಿಯನಾದ ಕ್ಲೆಮೆಂಟ್ಸ್ ಎಂಬ ಆಂಗ್ಲ ನ್ಯಾಯಾಧಿಕಾರಿ ಅವರ ಜೊತೆಗೂಡಿದನು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಪ್ರಯೋಗಗಳಿಗೆ ನೆರವಾದರು. ಕುಂದಗೋಳದ ಸವಾಯಿ ಗಂಧರ್ವರಿಗೆ ವಿದ್ಯೆಯನ್ನು ಧಾರೆಯೆರೆದವರು ಇವರೇ ಎಂದರೆ ನಮಗೂ ಈ ಕಥೆಗೂ ಇರುವ ನಂಟು ತಿಳಿದೀತು. ಹೀಗೆ ಶ್ರುತಿ ಹಾರ್ಮೋನಿಯಂ ಸಿದ್ಧವಾಯಿತು. 1916ರಲ್ಲಿ ಬರೋಡೆಯಲ್ಲಿ ಸೇರಿದ ಅಖಿಲ ಭಾರತ ಸಂಗೀತ ಪರಿಷತ್ತಿನಲ್ಲಿ ಅದನ್ನು ವಿದ್ವಾಂಸರ ಮುಂದಿಟ್ಟರು. ಮಾನ್ಯತೆ ಸಿಗಲಿಲ್ಲ. ಸ್ವರಗಳ ಸಂಖ್ಯೆ ಹೆಚ್ಚಿದರೇನು, ಒಂದರಿಂದ ಒಂದಕ್ಕೆ ಜಾರುವ ಗುಣ ಬರಲಿಲ್ಲವಲ್ಲ! ದೇವಲರ ಶ್ರಮವನ್ನು ನೆನೆದಾಗ ಮರುಕವಾಗುತ್ತದೆ.

ಅಷ್ಟರಲ್ಲಿ ರಾಷ್ಟ್ರೀಯತೆಯ ಗಾಳಿಯೂ ಬೀಸಿತ್ತು. ಕಲಾವಿಮರ್ಶಕರಾದ ಆನಂದ ಕುಮಾರಸ್ವಾಮಿಯವರು ಹಾರ್ಮೋನಿಯಂ, ಗ್ರಾಮಫೋನುಗಳೆರಡನ್ನೂ ನಮ್ಮ ಸಂಗೀತಕ್ಕೆ ಹಾನಿಕರವೆಂದು ಬರೆದರು. ರವೀಂದ್ರನಾಥ ಠಾಕೂರರು ತಮ್ಮ ಆಶ್ರಮದಿಂದ ಅದನ್ನು ಹೊರಗಿಟ್ಟರು. ದಿಲ್ಲಿಯ ಬಾನುಲಿಯಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಆಂಗ್ಲ ಸಂಗೀತಗಾರನು 1938ರಲ್ಲಿ ಬಾನುಲಿಯ ಪತ್ರಿಕೆಯಲ್ಲಿಯೇ ಇದರ ವಿರುದ್ಧ ಲೇಖನ ಬರೆದನು. ವಿಚಿತ್ರವನ್ನು ನೋಡಿ. ಯುರೋಪಿನ ವಾದ್ಯವನ್ನು ಯುರೋಪಿನವನೇ ಬೇಡವೆನ್ನುತ್ತಾನೆ. ಭಾರತದ ಭಜನೆಯವನು ಅದನ್ನು ಎದೆಗವಚಿಕೊಂಡು ಬಿಡಲೊಲ್ಲನು. 1940ರ ಜನವರಿಯಲ್ಲಿ ಠಾಕೂರರು ಕಲಕತ್ತಾ ನಿಲಯದ ಮುಖ್ಯಾಧಿಕಾರಿಗೆ ಪತ್ರ ಬರೆದು ತಮ್ಮ ಅಭಿಪ್ರಾಯವನ್ನು ಮತ್ತೆ ತಿಳಿಸಿದರು. ಅದೇ ವರ್ಷ ಮಾರ್ಚ್ 1ರಿಂದ ಎಲ್ಲ ನಿಲಯಗಳಲ್ಲಿ ಹಾರ್ಮೋನಿಯಂ ನಿಷಿದ್ಧವಾಯಿತು. ಕವಿಯ ಮಾತು ಬಾನುಲಿಯಲ್ಲಿ ನಡೆಯಿತು, ಬಂಗಾಳದ ಮನೆಗಳಲ್ಲಿ ನಡೆಯಲಿಲ್ಲ. ಇಂದಿಗೂ ಅಲ್ಲಿಯ ಮಕ್ಕಳು ಠಾಕೂರರ ಗೀತೆಗಳನ್ನು ಕಲಿಯುವುದು ಬಹುಪಾಲು ಹಾರ್ಮೋನಿಯಂ ಮುಂದೆಯೇ.

ಸ್ವಾತಂತ್ರ್ಯ ಬಂದರೂ ನಿಷೇಧ ಹೋಗಲಿಲ್ಲ. 1952ರಿಂದ 1962ರವರೆಗೆ ಸಚಿವರಾಗಿದ್ದ ಬಿ. ವಿ. ಕೇಸಕರರು ಶಾಸ್ತ್ರೀಯ ಸಂಗೀತದ ದೊಡ್ಡ ಪೋಷಕರು. ಆದರೆ ಅವರ ಪೋಷಣೆಯಲ್ಲಿ ಶುದ್ಧೀಕರಣದ ಹಟವೂ ಬೆರೆತಿತ್ತು. ಚಿತ್ರಗೀತೆಗಳನ್ನು ಅವರು ಬಾನುಲಿಯಿಂದ ಹೊರದೂಡಿದಾಗ ಶ್ರೋತೃಗಳು ಸದ್ದಿಲ್ಲದೆ ಸಿಂಹಳದ ರೇಡಿಯೋ ನಿಲಯಕ್ಕೆ ಮುಳ್ಳು ತಿರುಗಿಸಿದರು. ಕಡೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿ ಚಿತ್ರಗೀತೆಗಳನ್ನು ಮರಳಿ ಕರೆತರಬೇಕಾಯಿತು. ಅವುಗಳ ಜೊತೆ ಪೇಟಿಯೂ ಹಿಂಬಾಗಿಲಿನಿಂದ ಒಳಬಂತು! ‘ಸಿ.ಐ.ಡಿ.’ (1956) ಚಿತ್ರದಲ್ಲಿ ಮುಂಬಯಿಯ ಕಡಲ ದಂಡೆಯ ಮೇಲೆ ಬೀದಿ ಗಾಯಕನು ಕೊರಳಿಗೆ ಪೇಟಿಯನ್ನು ತೂಗುಹಾಕಿಕೊಂಡು ನುಡಿಸುವುದನ್ನು ನೋಡಿದವರು ನಿಮ್ಮಲ್ಲಿ ಇರಬಹುದು. ಅಂತಹ ಹಾಡುಗಳ ಧ್ವನಿಮುದ್ರಿಕೆಗಳಲ್ಲಿ ಅಡಗಿ ಬಂದ ಪೇಟಿಗೆ ತಡೆಯಿಲ್ಲ. ನಿಲಯದ ಬಾಗಿಲಿಗೆ ನಡೆದುಬಂದ ಪೇಟಿ ಮಾಸ್ತರನಿಗೆ ಮಾತ್ರ ತಡೆ.

ವಾಚಕರೇ, ನಷ್ಟ ಯಾರಿಗೆ ಎಂದು ಮೊದಲು ಕೇಳಿದೆವಲ್ಲ, ಆ ಪ್ರಶ್ನೆಗೆ ಈಗ ಬರೋಣ. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ನಿಲಯ ಆರಂಭವಾಯಿತು. ಹಿಂದುಸ್ತಾನಿ ಸಂಗೀತಕ್ಕೆ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರಂತಹವರನ್ನು ಕೊಟ್ಟ ಸೀಮೆಯದು. ಹಳ್ಳಿಹಳ್ಳಿಯಲ್ಲಿ ಪೇಟಿ ಬಲ್ಲವರಿದ್ದ ಸೀಮೆಯೂ ಹೌದು. ಆ ಕಾಲದ ಕಲಾವಿದನಿಗೆ ಬಾನುಲಿಯೆಂದರೆ ಕೀರ್ತಿ ಮಾತ್ರವಲ್ಲ. ಅರಸರ ಆಶ್ರಯ ಕಳಚಿತ್ತು, ನಾಟಕ ಕಂಪನಿಗಳು ಸಿನಿಮಾದ ಮುಂದೆ ಕುಗ್ಗುತ್ತಿದ್ದವು. ತಿಂಗಳಿಗೊಮ್ಮೆಯಾದರೂ ಬರುವ ಬಾನುಲಿಯ ಸಂಭಾವನೆ ಮನೆಯ ಒಲೆಗೆ ಆಧಾರ. ಗಾಯಕನು ಒಳಗೆ ಹೋಗುತ್ತಿದ್ದನು, ತಬಲಜಿ ಒಳಗೆ ಹೋಗುತ್ತಿದ್ದನು. ಊರೂರ ಬೈಠಕ್ಕುಗಳಲ್ಲಿ ಅದೇ ಗಾಯಕನ ಮಗ್ಗುಲಲ್ಲಿ ಕುಳಿತು ಅವನ ಉಸಿರಿನ ಏರಿಳಿತವನ್ನೆಲ್ಲ ಬಲ್ಲ ಪೇಟಿಯವನು ಮಾತ್ರ ಹೊರಗೆ. ಅವನಿಗೆ ದರ್ಜೆಯಿಲ್ಲ, ಪರೀಕ್ಷೆಯಿಲ್ಲ, ಕರಾರುಪತ್ರವಿಲ್ಲ. ಅವನ ಕಲೆಗೆ ಸರಕಾರದ ಕಡತದಲ್ಲಿ ಹೆಸರೇ ಇಲ್ಲ. ವಾದ್ಯದ ಮೇಲಿನ ತೀರ್ಪು ಶಾಸ್ತ್ರದ್ದಾಗಿರಬಹುದು. ಅದರ ದಂಡವನ್ನು ತೆತ್ತವನು ಮನುಷ್ಯನು. ತೀರ್ಪುಗಾರರು ಯಾರೂ ಇದನ್ನು ಲೆಕ್ಕಕ್ಕೆ ಹಿಡಿದಂತೆ ತೋರುವುದಿಲ್ಲ. ಸಾರಂಗಿಯವರಿಗೆ ಇದರಿಂದ ಉಪಕಾರವಾಯಿತೆಂದು ಹೇಳುವುದುಂಟು, ಅದರಲ್ಲಿ ಸತ್ಯವೂ ಇದೆ. ಪೇಟಿಯ ಅಬ್ಬರದಲ್ಲಿ ಮೂಲೆಗುಂಪಾಗುತ್ತಿದ್ದ ಆ ಮಧುರ ವಾದ್ಯಕ್ಕೆ ಬಾನುಲಿ ಅನ್ನ ಕೊಟ್ಟಿತು. ಒಬ್ಬನಿಗೆ ಉಣಬಡಿಸಲು ಇನ್ನೊಬ್ಬನ ಎಲೆಯನ್ನೇ ಎತ್ತಬೇಕಾಗಿತ್ತೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಪೇಟಿಯ ಕಡೆಯಿಂದ ಹೇಳಬೇಕಾದ ಮಾತನ್ನು ಶ್ರುತಿಯ ಲೆಕ್ಕದಲ್ಲಿ ಹುಡುಕಬಾರದು, ಗದಗಿನಲ್ಲಿ ಹುಡುಕಬೇಕು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ವಿದ್ಯೆ ಪಡೆದ ಪಂಚಾಕ್ಷರಿ ಗವಾಯಿಗಳು (1892-1944) ಕಟ್ಟಿದ ವೀರೇಶ್ವರ ಪುಣ್ಯಾಶ್ರಮವನ್ನು ಈ ಮಾಸಿಕದ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಅಂಧರಾದ ಗುರುಗಳು, ಅಂಧರಾದ ಶಿಷ್ಯರು. ಜಾತಿಯ ಭೇದವಿಲ್ಲದೆ ಅನ್ನ, ವಿದ್ಯೆ ಎರಡೂ ನಡೆದ ಸ್ಥಳ. ಅವರ ಉತ್ತರಾಧಿಕಾರಿಗಳಾದ ಪುಟ್ಟರಾಜ ಗವಾಯಿಗಳು (1914-2010) ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಮೊದಲಾಗಿ ಹಲವು ವಾದ್ಯಗಳಲ್ಲಿ ಪರಿಣತರು. ಕಣ್ಣಿಲ್ಲದ ಹುಡುಗನೊಬ್ಬನು ಮೊದಲ ಸಲ ಪೇಟಿಯ ಮುಂದೆ ಕುಳಿತದ್ದನ್ನು ಮನಸ್ಸಿಗೆ ತಂದುಕೊಳ್ಳಿ. ಬಿಳಿಯ ಪಟ್ಟಿಗಳು ಸಮತಟ್ಟು. ಕರಿಯವು ಮೇಲೆದ್ದಿವೆ, ಅವೂ ಎರಡು, ಮೂರು, ಎರಡು, ಮೂರು ಎಂದು ಗುಂಪುಗುಂಪಾಗಿ ನಿಂತಿವೆ. ಬೆರಳಾಡಿಸಿದ ಕ್ಷಣಕ್ಕೆ ಅವನಿಗೆ ತಾನೆಲ್ಲಿದ್ದೇನೆಂಬುದು ತಿಳಿಯುತ್ತದೆ. ಪಿಟೀಲಿನಲ್ಲಿ ಸ್ವರದ ಸ್ಥಾನವನ್ನು ತಿಂಗಳುಗಟ್ಟಲೆ ತಡಕಾಡಬೇಕು. ಇಲ್ಲಿ ಒತ್ತಿದ ಪಟ್ಟಿ ನಿನ್ನೆ ನುಡಿದ ಸ್ವರವನ್ನೇ ಇಂದೂ ನುಡಿಯುತ್ತದೆ. ವಿದ್ವಾಂಸರು ಜಡವೆಂದು ಹಳಿದ ಗುಣವೇ ಈ ಹುಡುಗನಿಗೆ ಊರುಗೋಲು. ಸ್ವರವನ್ನು ಗುರುತಿಸಲು ಕಲಿತ ಮೇಲೆ ಅವನು ಅದನ್ನು ಕೊರಳಿನಲ್ಲಿ ಬಾಗಿಸಬಲ್ಲನು.

ಭಜನೆಯ ಮಾತೂ ಹಾಗೆಯೇ. ದಿನವೆಲ್ಲ ಹೊಲದಲ್ಲಿ ದುಡಿದು ಬಂದ ಇಪ್ಪತ್ತು ಜನರ ಇಪ್ಪತ್ತು ಬಗೆಯ ಕೊರಳುಗಳನ್ನು ಒಂದೇ ಷಡ್ಜಕ್ಕೆ ತಂದು ಕಟ್ಟುವ ಕೆಲಸವನ್ನು ಸಾರಂಗಿ ಮಾಡಲಾರದು. ಆ ಗುಂಪಿಗೆ ಬಾಗುವ ಗಾಂಧಾರ ಬೇಕಿಲ್ಲ, ಜಗ್ಗದೆ ನಿಲ್ಲುವ ಆಧಾರ ಬೇಕು. ಬಾನುಲಿಯ ಅಧಿಕಾರಿಗಳು ದರ್ಬಾರಿಯ ಅಳತೆಗೋಲನ್ನು ಹಿಡಿದು ಭಜನೆಯ ಪೆಟ್ಟಿಗೆಯನ್ನೂ ಅಳೆದರು. ಅವರ ಲೆಕ್ಕ ಸರಿ, ಅಳೆದ ವಸ್ತು ಬೇರೆ.

1970ರಲ್ಲಿ ಆಕಾಶವಾಣಿಯು ಈ ವಿಷಯವಾಗಿಯೇ ಒಂದು ವಿಚಾರ ಸಂಕಿರಣವನ್ನು ಏರ್ಪಡಿಸಿತು. ವಿದ್ವಾಂಸರು ಪರವಾಗಿಯೂ ವಿರೋಧವಾಗಿಯೂ ವಾದಿಸಿದರು. ಮರುವರ್ಷ ಬಾಗಿಲು ಅರ್ಧ ತೆರೆಯಿತು: ಮೇಲಿನ ದರ್ಜೆಯ ಕಲಾವಿದರು ಪಕ್ಕವಾದ್ಯವಾಗಿ ಬಳಸಬಹುದು, ಸ್ವತಂತ್ರವಾದನಕ್ಕೆ ಅವಕಾಶವಿಲ್ಲ. ಚಿತ್ರಗೀತೆಗೆ ಐದು ವರ್ಷಗಳಲ್ಲಿ ಸಿಕ್ಕ ಮಾಫಿ ಪೇಟಿಗೆ ಅರ್ಧದಷ್ಟು ಸಿಗಲು ಮೂವತ್ತೊಂದು ವರ್ಷ ಹಿಡಿಯಿತು.

ಪಂಡಿತರ ಚರ್ಚೆ ನಡೆಯುತ್ತಿದ್ದಾಗಲೇ ವಾದಕರು ತಮ್ಮ ಉತ್ತರವನ್ನು ಬೆರಳುಗಳಲ್ಲಿ ಸಿದ್ಧಪಡಿಸಿದ್ದರು. ಬಾಗದ ಸ್ವರವನ್ನು ಬಾಗಿಸಲಾಗದು, ಸರಿ. ಆದರೆ ಪಕ್ಕದ ಸ್ವರವನ್ನು ಮಿಂಚಿನಂತೆ ಸೋಕಿ ಬಂದರೆ ಕಿವಿಗೆ ಬಾಗಿದ ಭ್ರಮೆ ಹುಟ್ಟುತ್ತದೆ. ತಿದಿಯ ಮೇಲಿನ ಒತ್ತಡವನ್ನು ಉಸಿರಿನಂತೆ ಏರಿಸಿ ಇಳಿಸಿದರೆ ಸ್ವರಕ್ಕೆ ಜೀವ ಬರುತ್ತದೆ. ಯಾವ ರಾಗದಲ್ಲಿ ಯಾವ ಪಟ್ಟಿಯನ್ನು ಮುಟ್ಟದೆ ಗಾಯಕನಿಗೆ ಜಾಗ ಬಿಡಬೇಕೆಂಬ ವಿವೇಕ ಎಲ್ಲಕ್ಕಿಂತ ದೊಡ್ಡದು. ಹಿಂದೆ ಟೇಂಬೆಯವರು ತೋರಿಸಿದ ಈ ದಾರಿಯಲ್ಲಿ ನಮ್ಮ ಬೆಳಗಾವಿಯ ರಾಮಭಾವು ಬಿಜಾಪುರೆಯವರು (1917-2010) ಬಹಳ ದೂರ ನಡೆದರು. ಬಾನುಲಿಯಲ್ಲಿ ಪೇಟಿಗೆ ಸ್ಥಾನವಿಲ್ಲದ ವರ್ಷಗಳಲ್ಲಿಯೂ ಹಿಂದುಸ್ತಾನಿ ಸಂಗೀತದ ಹಿರಿಯ ಗಾಯಕರಿಗೆ ಸಾಥ್ ನೀಡುತ್ತ, ಮನೆಗೆ ಬಂದ ಹುಡುಗರಿಗೆ ಪಾಠ ಹೇಳುತ್ತ ಬೆಳಗಾವಿಯಲ್ಲಿಯೇ ನೆಲೆನಿಂತವರು ಅವರು.

ವಿವಾದ ಇಂದಿಗೂ ತಣ್ಣಗಾಗಿಲ್ಲ. 2022ರಲ್ಲಿ ಸಿಖ್ಖರ ಅಕಾಲ್ ತಖ್ತಿನಿಂದ ಒಂದು ಸೂಚನೆ ಹೊರಟಿತು: ಅಮೃತಸರದ ಸ್ವರ್ಣಮಂದಿರದ ಕೀರ್ತನೆಯಲ್ಲಿ ಮೂರು ವರ್ಷಗಳೊಳಗೆ ಹಾರ್ಮೋನಿಯಂ ಬಳಕೆಯನ್ನು ಕೈಬಿಟ್ಟು, ಗುರುಗಳ ಕಾಲದ ರಬಾಬ್ ಮೊದಲಾದ ತಂತಿವಾದ್ಯಗಳನ್ನು ತರಬೇಕು ಎಂದು. ಮರೆತುಹೋಗುತ್ತಿದ್ದ ತಂತಿವಾದ್ಯಗಳು ಮರಳಿ ಬರುವುದಾದರೆ ಅದು ಸಂತೋಷದ ಸಂಗತಿಯೇ. ಹಾರ್ಮೋನಿಯಮ್ಮಿನ ಮೇಲೆಯೇ ಸ್ವರ ಕಲಿತು ಬೆಳೆದ ಕೀರ್ತನಕಾರರ ವಿಷಯದಲ್ಲಿಯಾದರೂ 1940ರವರಿಗಿಂತ ಹೆಚ್ಚು ಯೋಚನೆ ನಡೆಯಲೆಂದು ನಾವು ದೂರದಿಂದ ಹಾರೈಸಬಹುದು.

ಕೊನೆಯಲ್ಲಿ ಇನ್ನೊಂದು ಚಿಕ್ಕ ಸಂಗತಿ; ಸಾಮಾನ್ಯ ಜ್ಞಾನದ ಪುಸ್ತಕದವರು ಬೇಕಾದರೆ ಇದನ್ನೂ ಸೇರಿಸಿಕೊಳ್ಳಬಹುದು. ನಮ್ಮ ಹಿಂದುಸ್ತಾನಿ ಗಾಯಕರು ತಮ್ಮ ಷಡ್ಜವನ್ನು ಯಾವ ಹೆಸರಿನಿಂದ ಹೇಳುತ್ತಾರೆ? ಪುರುಷರಾದರೆ ಕರಿ ಒಂದು, ಕರಿ ಎರಡು. ಸ್ತ್ರೀಯರಾದರೆ ಕರಿ ನಾಲ್ಕು, ಕರಿ ಐದು. ಯಕ್ಷಗಾನದ ಭಾಗವತರೂ ಬಿಳಿ ಇಷ್ಟು, ಕಪ್ಪು ಇಷ್ಟು ಎಂದೇ ಹೇಳುತ್ತಾರೆ. ಇವೆಲ್ಲ ಪೇಟಿಯ ಪಟ್ಟಿಗಳ ಹೆಸರುಗಳು. ನಿಷೇಧವಿದ್ದ ಆ ಮೂವತ್ತೊಂದು ವರ್ಷಗಳಲ್ಲಿಯೂ ಬಾನುಲಿಯ ಕೋಣೆಯೊಳಗೆ ತಂಬೂರಿಯ ಕಿವಿ ಹಿಂಡುತ್ತಿದ್ದ ಶಿಷ್ಯನು ಯಾವ ಶ್ರುತಿ ಎಂದು ಕೇಳಿದರೆ, ಪೇ‌ಟಿಯನ್ನು ಹೊರಗೆ ಬಿಟ್ಟು ಬಂದ ಗಾಯಕನು ‘ಕರಿ ಎರಡು’ ಎನ್ನುತ್ತಿದ್ದನು.